ಗಾಡಿಗೊಂದು ಹಿಡಿ ಹತ್ತಿ

ಕುಷ್ಟಗಿಯ ಸಾಲೆಗೆ ಡ್ರಿಲ್ ಮಾಸ್ತರನಾಗಿ ಸೇರಿದ ದಿನ ನನ್ನ ವಶಕ್ಕೆ ಕೊಟ್ಟದ್ದು ಒಂದು ಸೀಟಿ, ಹೊಲಿಗೆ ಬಿಟ್ಟ ಒಂದು ಫುಟ್‌ಬಾಲು ಮತ್ತು ಊರ ಹೊರಗಿನ ಒಂದಿಷ್ಟು ಕಲ್ಲುನೆಲ. ಕಲ್ಲನ್ನು ಹುಡುಗರೇ ಆರಿಸಿ ಬದಿಗೆ ಒಟ್ಟಿದರು. ಫುಟ್‌ಬಾಲನ್ನು ಮೋಚಿ ಹೊಲಿದುಕೊಟ್ಟ. ಸೀಟಿ ಮಾತ್ರ ನಾನು ಕೆಲಸ ಬಿಡುವವರೆಗೂ ಚೆನ್ನಾಗಿಯೇ ಕೂಗುತ್ತಿತ್ತು.

ಆಗ ನಮ್ಮ ಕಡೆ ವರ್ಷಕ್ಕೊಮ್ಮೆ 'ನಾಲ್ಕೂರ ಆಟ' ಎಂದು ನಡೆಯುತ್ತಿತ್ತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ಕಡೆಯ ಸಾಲೆಗಳ ಹುಡುಗರು ಸಂಕ್ರಾಂತಿ ಆದ ಮೇಲೆ ಒಂದೂರಿನಲ್ಲಿ ಸೇರಿ ಮೂರು ದಿನ ಆಡುತ್ತಿದ್ದರು. ಓಟ, ಉದ್ದ ಜಿಗಿತ, ಖೋಖೋ, ವಾಲಿಬಾಲ್ ಎಲ್ಲ ಇದ್ದವು. ಆದರೆ ಮಂದಿ ಬರುತ್ತಿದ್ದುದು ಹುತುತು ನೋಡಲು. ಈಗ ಕಬಡ್ಡಿ ಎನ್ನುತ್ತಾರಲ್ಲ, ಅದೇ.

ಈ ಆಟಕ್ಕೆ ಒಡೆಯರು ಯಾರೂ ಇರಲಿಲ್ಲ. ನಾಲ್ಕೂರಲ್ಲಿ ಎರಡು ಜಹಗೀರಿಗೆ ಸೇರಿದ್ದವು, ಎರಡು ನೇರ ನಿಜಾಮ ಸರಕಾರದ ಕೈಯಲ್ಲಿದ್ದವು. ಜಹಗೀರಿನ ಕಚೇರಿಗೆ ಅರ್ಜಿ ಕೊಟ್ಟರೆ ಸರಕಾರದವರನ್ನು ಕೇಳಿರಿ ಎನ್ನುತ್ತಿದ್ದರು, ಸರಕಾರದ ಕಚೇರಿಗೆ ಹೋದರೆ ಜಹಗೀರಿನವರು ಇಷ್ಟು ಕೊಡಲಿ, ಆಮೇಲೆ ನೋಡೋಣ ಎನ್ನುತ್ತಿದ್ದರು. ಹೇಗೋ ಕಾಡಿ ಬೇಡಿ ಅಷ್ಟಿಷ್ಟು ಮಂಜೂರಿ ತರುತ್ತಿದ್ದೆವು. ಅದರಲ್ಲಿ ಹುಡುಗರಿಗೆ ಮೂರು ದಿನದ ರೊಟ್ಟಿ ಪಲ್ಯ, ಗಾಡಿಗಳ ಬಾಡಿಗೆ, ಗೆರೆ ಹಾಕಲು ಸುಣ್ಣ ಇಷ್ಟಾಗುತ್ತಿತ್ತು. ಬಹುಮಾನಕ್ಕೆ ಬೆಳ್ಳಿಯ ಬಟ್ಟಲು ಕೊಡುವ ಶಕ್ತಿ ನಮಗಿರಲಿಲ್ಲ. ಕಿನ್ನಾಳದ ಚಿತ್ರಗಾರರು ಕಟ್ಟಿಗೆಯ ಗಿಳಿಯನ್ನೋ ಕುದುರೆಯನ್ನೋ ಬಣ್ಣ ಹಚ್ಚಿ ಕೊಡುತ್ತಿದ್ದರು. ಗೆದ್ದ ಹುಡುಗರು ಅದನ್ನೇ ತಲೆಯ ಮೇಲೆ ಎತ್ತಿ ಹಿಡಿದು ಊರಿಗೆ ಹೋಗುತ್ತಿದ್ದರು.

ಯುದ್ಧ ಶುರುವಾಗಿ ಒಂದೆರಡು ವರ್ಷಕ್ಕೆ ಆ ಮಂಜೂರಿಯೂ ನಿಂತಿತು. ಯುದ್ಧ ಮುಗಿಯುವವರೆಗೆ ಆಟೋಟಗಳಿಗೆ ಹಣವಿಲ್ಲ ಎಂದು ಉರ್ದುವಿನಲ್ಲಿ ಎರಡು ಸಾಲಿನ ಕಾಗದ ಬಂತು. ಚೆಂಡಿನೊಳಗಿನ ರಬ್ಬರು ಚೀಲ ಎಲ್ಲಿಯೂ ಸಿಗದಂತಾಯಿತು. ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡತೊಡಗಿದವು. ನಾವು ನಾಲ್ಕೂ ಸಾಲೆಯವರು ಕೊಪ್ಪಳದಲ್ಲಿ ಸೇರಿದೆವು.

ಕೊಪ್ಪಳದ ಹೆಡ್‌ಮಾಸ್ತರರು ನಮ್ಮ ಕೂಟದ ಅಧ್ಯಕ್ಷರು. ಅವರ ಮನೆಮಾತು ಉರ್ದು, ಹೈದರಾಬಾದಿನ ಕಡೆಯವರು. ಆದರೆ ಇಪ್ಪತ್ತು ವರ್ಷ ನಮ್ಮ ಸೀಮೆಯಲ್ಲಿ ಕಳೆದು ನಮ್ಮ ಹಾಗೆಯೇ ಕನ್ನಡ ಮಾತಾಡುತ್ತಿದ್ದರು. ಅವರ ಮನೆಯ ಪಡಸಾಲೆಯಲ್ಲಿ ಚಹ ಕುಡಿಯುತ್ತ ಕುಳಿತಿದ್ದೆವು. ಗಂಗಾವತಿಯ ಮಾಸ್ತರರು ಮೊದಲು ಬಾಯಿಬಿಟ್ಟರು.

"ಹಂಗಾದ್ರ ಈ ವರ್ಷ ಆಟ ಇಲ್ಲಂತ ಬರದು ಕಳಿಸಿಬಿಡೂಣೇನ್ರಿ?"

ನನಗೆ ಆಗ ಇಪ್ಪತ್ತೇಳು ವಯಸ್ಸು. ಆ ವರ್ಷದ ಆಟ ಕುಷ್ಟಗಿಯಲ್ಲಿ ನಡೆಯಬೇಕಿತ್ತು. ನನ್ನೂರಿನ ಸರದಿ ಬಂದಾಗಲೇ ನಿಂತುಹೋಗುವುದು ನನಗೆ ಅವಮಾನವೆನಿಸಿತು.

"ಮೂರು ದಿನ ಹೊಲದ ತುಂಬ ಮಂದಿ ನೆರೀತಾರ್ರಿ," ಎಂದೆ. "ಎಲ್ಲಾರೂ ಪುಕ್ಕಟೆ ನೋಡಿ ಹೋಗ್ತಾರ. ಸುತ್ತ ತಟ್ಟಿ ಕಟ್ಟಿ ಚೀಟಿ ಮಾರೂಣು. ನೆಲಕ್ಕ ಒಂದಾಣೆ, ಕುರ್ಚಿಗೆ ನಾಕಾಣೆ. ನಾಟಕದ ಕಂಪನಿಯವ್ರು ಮಾಡೂದಿಲ್ಲೇನ್ರಿ?"

ಉಳಿದ ಇಬ್ಬರು ಮುಖ ಮುಖ ನೋಡಿಕೊಂಡು ಹೌದೆಂದರು. ಹೆಡ್‌ಮಾಸ್ತರರು ಬಟ್ಟಲು ಕೆಳಗಿಟ್ಟರು.

"ನಾಟಕದವ್ರು ಚೀಟಿ ಹರೀತಾರ, ಖರೆ. ಆದ್ರ ನಾಟಕದಾಗ ರಾಜಾ ಆದಾಂವ ನೋಡಾಕ ಬಂದವ್ರ ಮಗ ಅಲ್ರಿ, ಮಾಸ್ತರ."

ನಾನು ನಕ್ಕುಬಿಟ್ಟೆ. ಬೇರೆ ದಾರಿ ಏನಿದೆ ಹೇಳಿರಿ ಎಂದು ಕೇಳಿದೆ. ಅವರ ಬಳಿಯೂ ಬೇರೆ ದಾರಿ ಇರಲಿಲ್ಲ. "ಆಯ್ತು, ಒಂದ್ ಸಲ ಮಾಡಿ ನೋಡ್ರಿ," ಎಂದಷ್ಟೇ ಅಂದರು.

ಹದಿನೈದು ದಿನ ನಾನು ಬೇರೆ ಕೆಲಸ ಮಾಡಲಿಲ್ಲ. ಜೋಳದ ದಂಟು ಬೇಡಿ ತಂದು ತಟ್ಟಿ ಕಟ್ಟಿಸಿದೆ. ದಂಟು ಸಾಲದ ಕಡೆ ಗೋಣಿತಟ್ಟು ಹೊಲಿಸಿ ಬಿಗಿದೆ. ಒಂದೇ ಬಾಗಿಲು ಬಿಟ್ಟೆ. ನೀಲಿ ಕಾಗದ ಕತ್ತರಿಸಿ ಸಾಲೆಯ ಮೊಹರು ಒತ್ತಿ ಚೀಟಿ ಮಾಡಿದೆ. ಹಿಂದಿನ ವರ್ಷಗಳಲ್ಲಿ ಬಯಲಿನಲ್ಲಿ ಆಡಿದಾಗ ಎಲ್ಲರೂ ಸರಿಸಮ ಕೂತು ನೋಡುತ್ತಿದ್ದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಯಾರು ಮುಂದೆ ಕೂಡಬೇಕು, ಯಾರು ಎಷ್ಟು ದೂರ ನಿಲ್ಲಬೇಕು ಎಂಬುದು ಬಯಲಿನಲ್ಲೂ ಇತ್ತು. ಆದರೆ ದೂರ ನಿಂತವರಿಗೂ ಕಣ್ಣಿಗೆ ಆಟ ಕಾಣುತ್ತಿತ್ತು. ನಾನು ಕಟ್ಟಿದ ತಟ್ಟಿ ಆಳೆತ್ತರಕ್ಕಿಂತ ಒಂದು ಮೊಳ ಹೆಚ್ಚು ಎತ್ತರವಾಗಿತ್ತು. ಅದನ್ನು ನಾನೇ ಕೈಯೆತ್ತಿ ಅಳೆದು ನೋಡಿದ್ದೆ.

ಮೊದಲ ಎರಡು ದಿನ ಎಲ್ಲ ಸುಸೂತ್ರವಾಗಿ ನಡೆಯಿತು. ಯಲಬುರ್ಗಾ ಸೀಮೆಯ ಕುಕನೂರಿನಿಂದ ಹತ್ತಿ ಅಡತಿಯ ಸಾಹುಕಾರರೊಬ್ಬರು ಬಂದು ಮುಂದಿನ ಸಾಲಿನ ಕುರ್ಚಿಗಳನ್ನೆಲ್ಲ ತಮ್ಮ ಕಡೆಯವರಿಗೆಂದು ಹಿಡಿದರು. ಮೂರನೆಯ ದಿನ ಮಧ್ಯಾಹ್ನ ಹುತುತುವಿನ ಕೊನೆಯ ಪಂದ್ಯ, ಯಲಬುರ್ಗಾಕ್ಕೂ ನಮಗೂ. ಯಲಬುರ್ಗಾದ ನಾಯಕ ಹದಿನಾರು ಹದಿನೇಳರ ಹುಡುಗ. ಸಣಕಲು ಮೈ, ಉದ್ದ ಕೈ. ಉಸಿರು ಕಟ್ಟಿ ಒಳಗೆ ಬಂದನೆಂದರೆ ನಮ್ಮ ಹುಡುಗರು ಹಿಂದೆ ಸರಿಯುತ್ತಿದ್ದರು. ಅವನ ಹೆಸರು ಕೇಳಿಯೇ ಅವತ್ತು ಜನ ಮುರಕೊಂಡು ಬಿದ್ದಿದ್ದರು. ಬಾಗಿಲಲ್ಲಿ ನಾನೇ ನಿಂತಿದ್ದೆ.

ಪಂದ್ಯ ಶುರುವಾಗುವ ಹೊತ್ತಿಗೆ ಐವತ್ತರ ಆಸುಪಾಸಿನ ಒಬ್ಬ ಮನುಷ್ಯ ಬಂದ. ಮೊಣಕಾಲಿನವರೆಗೆ ಧೂಳು. ಹೆಗಲ ಮೇಲೆ ಒಂದು ಗಂಟು. ಜೊತೆಗೆ ಯಾರೂ ಇರಲಿಲ್ಲ.

"ಚೀಟಿ ಎಲ್ಲಿ, ಯಜಮಾನಾ?" ಎಂದೆ.

"ಚೀಟಿ ಇಲ್ರಿ. ಚೀಟಿ ಐತಂತ ಗೊತ್ತಿದ್ದಿಲ್ರಿ. ಕುಕನೂರಾಗಿಂದ ನಡಕೋತ ಬಂದೀನ್ರಿ."

"ಒಂದಾಣೆ ಕೊಡು, ಚೀಟಿ ಕೊಡ್ತೀನಿ."

"ಆಣೆ ಇಲ್ರಿ. ಇದ್ದದ್ದು ದಾರ್ಯಾಗ ಖರ್ಚ ಆತ್ರಿ." ಅವನು ದನಿ ತಗ್ಗಿಸಿ ಹೇಳಿದ, "ಯಲಬುರ್ಗಾದ ಕಡೆಯಿಂದ ಆಡಾಕ ನಿಂತಾನಲ್ರಿ, ಉದ್ದನ ಹುಡುಗ, ನನ್ನ ಮಗಾರಿ ಅಂವ."

ಅವನ ಹಿಂದೆ ಚೀಟಿ ಇಲ್ಲದ ಜನ ನೂರಕ್ಕೂ ಮಿಕ್ಕಿ ನಿಂತಿದ್ದರು. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಇವನೊಬ್ಬನನ್ನು ಬಿಟ್ಟರೆ ನಾನೂ ಅಪ್ಪ, ನಾನೂ ಕಾಕಾ, ನಾನೂ ಸೋದರಮಾವ ಎಂದು ಎಲ್ಲರೂ ನುಗ್ಗುತ್ತಾರೆ ಎಂದು ನನಗೆ ಅನಿಸಿತು. ಈಗ ಕೂತು ನೆನೆದರೂ ಆ ಲೆಕ್ಕಾಚಾರ ಪೂರ್ತಿ ತಪ್ಪೆಂದು ಹೇಳಲಾರೆ. ಆದರೆ ನನ್ನ ಕಿಸೆಯಲ್ಲಿ ನನ್ನದೇ ಒಂದಾಣೆ ಇತ್ತು. ಅದನ್ನು ಡಬ್ಬಿಗೆ ಹಾಕಿ ಅವನಿಗೆ ಒಂದು ಚೀಟಿ ಹರಿದು ಕೊಡಬಹುದೆಂಬ ವಿಚಾರ ಆ ಗಳಿಗೆಯಲ್ಲಿ ನನ್ನ ತಲೆಗೆ ಬರಲೇ ಇಲ್ಲ. ಆವತ್ತಿನಿಂದ ನನ್ನನ್ನು ಕಾಡಿದ್ದು ಅದೇ.

"ಎಲ್ಲಾರಿಗೂ ಒಂದ ಕಾಯ್ದೆ," ಎಂದೆ. "ಬಾಜೂಕ ಸರಿ."

ಅವನು ವಾದ ಮಾಡಲಿಲ್ಲ. ಸಿಟ್ಟೂ ಮಾಡಲಿಲ್ಲ. "ಆತ್ರಿ," ಎಂದು ಬದಿಗೆ ಸರಿದ. ಪಂದ್ಯ ಶುರುವಾಗಿ ಒಳಗೆ ಗದ್ದಲ ಏರಿದಾಗ ಒಮ್ಮೆ ತಿರುಗಿ ನೋಡಿದೆ. ಅವನು ತಟ್ಟಿಗೆ ಬೆನ್ನು ಹಚ್ಚಿ ನಿಂತಿದ್ದ. ಸಂದಿಯಲ್ಲಿ ಇಣುಕಲು ಉಳಿದವರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಅವನು ಆ ಗುಂಪಿಗೆ ಹೋಗಲಿಲ್ಲ.

ಆ ಹುಡುಗ ಅವತ್ತು ಆಡಿದ ಆಟವನ್ನು ನಾನು ಇಷ್ಟು ವರ್ಷದಲ್ಲಿ ಮತ್ತೆ ಕಂಡಿಲ್ಲ. ಕೊನೆಗೆ ಅವರ ಕಡೆ ಅವನೊಬ್ಬನೇ ಉಳಿದ. ಎದುರಿಗೆ ನಮ್ಮವರು ನಾಲ್ವರು. ಒಂದೇ ಉಸಿರಿನಲ್ಲಿ ಮೂವರನ್ನು ಮುಟ್ಟಿ, ಕಾಲು ಹಿಡಿದ ನಾಲ್ಕನೆಯವನನ್ನು ಎಳೆದುಕೊಂಡೇ ಗೆರೆ ಮುಟ್ಟಿದ. ಜನ ಎದ್ದು ಕುಣಿದರು. ನಮ್ಮೂರು ಸೋತಿದೆ ಎಂಬುದನ್ನು ಮರೆತು ನಾನೂ ಬಾಗಿಲು ಬಿಟ್ಟು ಒಳಗೆ ಓಡಿದೆ.

ತಿರುಗಿ ಬಂದಾಗ ಆ ಮನುಷ್ಯ ಬಾಗಿಲ ಬಳಿ ಕಾಯುತ್ತಿದ್ದ.

"ಗೆದ್ನೇನ್ರಿ?"

"ಗೆದ್ದ."

ಅವನು ಗಂಟನ್ನು ನನ್ನ ಕೈಗಿತ್ತ. "ಅವರವ್ವ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಾಳ್ರಿ. ಅವಂಗ ಮುಟ್ಟಸ್ರಿ. ನಾಡಿದ್ದ ಪ್ಯಾಟಿ ಐತಿ, ನಾ ಹೊಂಟೆ."

ಕರೆಯುತ್ತೇನೆ ನಿಲ್ಲು ಎಂದು ನಾನು ಹೇಳಿದೆನೋ ಇಲ್ಲವೋ ನೆನಪಿಲ್ಲ. ಹೇಳಿದ್ದರೂ ಅವನು ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಹುಡುಗ ಮೈಯೆಲ್ಲ ಮಣ್ಣಾಗಿ, ಕೊರಳಲ್ಲಿ ಚೆಂಡುಹೂವಿನ ಮಾಲೆ ಹಾಕಿಕೊಂಡು ಹೊರಗೆ ಬಂದ. ಗಂಟು ಕೊಟ್ಟೆ. ಅದರ ಅರಿವೆ ನೋಡುತ್ತಲೇ ಅವನಿಗೆ ಗುರುತು ಸಿಕ್ಕಿತು.

"ಅಪ್ಪ ಬಂದಿದ್ನೇನ್ರಿ?"

"ಬಂದಿದ್ದ. ಪ್ಯಾಟಿ ಐತಂತ ಲಗೂನ ಹೋದ."

"ನನ್ನ ಆಟ ನೋಡಿದ್ನೇನ್ರಿ, ಸರ?"

"ನೋಡಿದ," ಎಂದೆ.

ಹುಡುಗ ಆ ಗಂಟನ್ನು ಎದೆಗೆ ಹಿಡಿದುಕೊಂಡು ತನ್ನ ಜೊತೆಯವರ ಕಡೆಗೆ ಓಡಿದ.

ಚೀಟಿಯ ದುಡ್ಡಿನಲ್ಲಿ ಮೂರು ದಿನದ ಎಲ್ಲ ಖರ್ಚು ಕಳೆದು ಇನ್ನೂ ಉಳಿಯಿತು. ನಾಲ್ಕೂ ಸಾಲೆಯವರು ನನ್ನ ಬೆನ್ನು ತಟ್ಟಿದರು. ಹೆಡ್‌ಮಾಸ್ತರರು ಮಾತ್ರ ಹೊರಡುವಾಗ ನನ್ನನ್ನು ಬದಿಗೆ ಕರೆದು ಕೇಳಿದರು, "ಹೊರಗ ಉಳಿದವ್ರು ಎಷ್ಟ ಮಂದಿ ಇದ್ರು, ಮಾಸ್ತರ?" ನಾನು ಎಣಿಸಿರಲಿಲ್ಲ. ಅವರು ಗಾಡಿ ಹತ್ತಿದರು.

ಒಂದು ತಿಂಗಳು ಸುಮ್ಮನಿದ್ದೆ. ಡ್ರಿಲ್ ಮಾಡಿಸುವಾಗ, ಊಟಕ್ಕೆ ಕೂತಾಗ ಆ "ಆತ್ರಿ" ಎಂಬ ಮಾತು ಕಿವಿಗೆ ಬೀಳುತ್ತಿತ್ತು. ಊರಿಗೆ ಹೋದ ಮಗನಿಗೆ ಅಪ್ಪ ಖರೆ ಹೇಳಿಯೇ ಇರುತ್ತಾನೆ, ಆ ಹುಡುಗ ನನ್ನ ಬಗ್ಗೆ ಏನೆಂದುಕೊಂಡಿದ್ದಾನೋ ಎಂದು ಸಂಕಟವಾಗುತ್ತಿತ್ತು. ಕೊನೆಗೆ ಒಂದು ಪೇಟೆಯ ದಿನ ರಜೆ ಹಾಕಿ ಕುಕನೂರಿಗೆ ಹೋದೆ.

ಹತ್ತಿಯ ಸುಗ್ಗಿ ಶುರುವಾಗಿತ್ತು. ಊರ ಅಗಸೆಯಿಂದ ಅಡತಿ ಅಂಗಡಿಗಳವರೆಗೆ ಗಾಡಿಗಳು ಎತ್ತು ಬಿಚ್ಚಿ ನಿಂತಿದ್ದವು. ಗಾಳಿಗೆ ಹಾರಿದ ಅರಳೆ ಬೇಲಿಗಳ ಮೇಲೆಲ್ಲ ಅಂಟಿತ್ತು. ಆ ಮನುಷ್ಯ ಹಮಾಲನೆಂದು ನನಗೆ ಗೊತ್ತಾದದ್ದು ಅಲ್ಲಿಯೇ. ಬೆನ್ನ ಮೇಲೆ ಹತ್ತಿಯ ಅಂಡಿಗೆ ಹೊತ್ತು, ತಲೆ ಬಗ್ಗಿಸಿ, ನೆಲ ನೋಡುತ್ತ ಬರುತ್ತಿದ್ದ. ಅಂಡಿಗೆ ಇಳಿಸಿ ತಲೆ ಎತ್ತಿದಾಗ ನನ್ನನ್ನು ಕಂಡ. ಗುರುತು ಹಿಡಿದ.

"ಬರ್ರಿ ಮಾಸ್ತರ. ಬಿಸಲಾಗ ಬಂದೀರಿ, ನೀರ ಕುಡೀರಿ."

ಅವತ್ತು ಬಾಗಿಲಲ್ಲಿ ನಾನು ಅವನನ್ನು ಏಕವಚನದಲ್ಲಿ ಕರೆದಿದ್ದೆ. ಇಲ್ಲಿ ಹಾಗೆ ಕರೆಯಲು ನಾಲಗೆ ಏಳಲಿಲ್ಲ.

"ಕಾಕಾರ, ಅವತ್ತ ನಾ ನಿಮ್ಮನ್ನ ಒಳಗ ಬಿಡಬೇಕಾಗಿತ್ತು. ತಪ್ಪಾತು," ಎಂದೆ. "ಇನ್ನೊಂದು ತಪ್ಪ ಮಾಡೀನಿ. ನಿಮ್ಮ ಮಗ ಕೇಳಿದಾಗ ನೀವು ಆಟ ನೋಡಿದ್ರಿ ಅಂತ ಹೇಳಿಬಿಟ್ಟೆ."

ಅವನು ಹೆಗಲ ಮೇಲಿನ ಅರಿವೆಯಿಂದ ಮುಖ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ.

"ನಾನೂ ಅದನ್ನ ಹೇಳೀನ್ರಿ," ಎಂದ.

"ಏನಂತ?"

"ನೋಡಿದೆ, ಭಾಳ ಛಲೋ ಆಡಿದಿ ಅಂತ. ಮನೀಗೆ ಬಂದಾಂವ ಮೊದ್ಲ ಅದನ್ನ ಕೇಳಿದ. ಆಣೆ ಇಲ್ಲಂತ ಅಪ್ಪನ್ನ ಹೊರಗ ನಿಲ್ಲಿಸಿದ್ರು ಅಂತ ಹುಡುಗಗ ಹ್ಯಾಂಗ ಹೇಳ್ಲಿರಿ? ಮತ್ತ ಆಡ್ತಾನೇನು ಅಂವ?" ಆಮೇಲೆ ನನ್ನ ಮುಖ ನೋಡಿ ಹೇಳಿದ, "ನೀವೂ ಹೇಳಬ್ಯಾಡ್ರಿ. ಇದು ಅವನ ಕಿವೀಗೆ ಬೀಳೂದು ಬ್ಯಾಡ."

ಆಗಲಿ ಎಂದು ಮಾತು ಕೊಟ್ಟೆ. ಇಬ್ಬರೂ ಒಬ್ಬರಿಗೊಬ್ಬರು ತಿಳಿಯದೆ ಆಡಿದ ಒಂದೇ ಸುಳ್ಳಿಗೆ ಹೀಗೆ ಗಂಟು ಬಿತ್ತು.

ಅಂಗಡಿಯ ಕಟ್ಟೆಯ ಮೇಲೆ ಕೂತು ನೀರು ಕುಡಿದೆವು. ಮುಂದಿನ ವರ್ಷ ಏನು ಮಾಡುತ್ತೀರಿ ಎಂದು ಅವನೇ ಕೇಳಿದ. ನನಗೆ ಗೊತ್ತಿಲ್ಲ ಎಂದೆ. ತಟ್ಟಿ ಕಟ್ಟದಿದ್ದರೆ ಹುಡುಗರ ಹೊಟ್ಟೆಗೆ ಹಾಕಲು ಏನೂ ಇಲ್ಲ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವನು ಪೇಟೆಯ ಕಡೆ ಕೈ ತೋರಿಸಿದ.

"ಈ ಗಾಡಿ ನೋಡ್ರಿ. ಒಂದೊಂದರಾಗೂ ಗುಡಿಗಂತ ಒಂದ ಹಿಡಿ ಹತ್ತಿ ತಗೀತಾರ. ಯಾರೂ ಒಲ್ಲೆ ಅನ್ನೂದಿಲ್ಲ. ಹುಡುಗ್ರ ಆಟಕ್ಕ ಇನ್ನೊಂದ ಹಿಡಿ ಕೇಳಿದ್ರ ಒಲ್ಲೆ ಅಂತಾರೇನ್ರಿ? ಒಂದಾಣೆ ಕಿಸೇದಾಗಿಂದ ತಗೀಬೇಕಂದ್ರ ಕೈ ನಡಗತೈತಿ. ಗಾಡಿ ತುಂಬಾ ಹತ್ತಿ ಇದ್ದಾಗ ಒಂದ ಹಿಡಿ ಯಾರಿಗೂ ಭಾರ ಅನ್ಸೂದಿಲ್ಲ. ಅವ್ರ ಮಕ್ಕಳ ಅಲ್ರಿ ಆಡವ್ರು?"

"ಕೇಳೋರು ಯಾರು?"

"ನಾವ ಕೇಳ್ತೀವ್ರಿ. ಗಾಡಿ ಮ್ಯಾಲಿನ ಅಂಡಿಗಿ ಇಳಸೋರು ನಾವಲ್ರಿ?" ನೀರಿನ ತಂಬಿಗೆ ಕೆಳಗಿಟ್ಟು ಹೇಳಿದ, "ಆದ್ರ ತಟ್ಟಿ ಮಾತ್ರ ಕಟ್ಟಬ್ಯಾಡ್ರಿ. ಮುಂದಿನ ವರ್ಷ ಆಟ ಇಲ್ಲೇ ಇಡ್ರಿ, ಕುಕನೂರಾಗ."

ಕುಷ್ಟಗಿಯಲ್ಲಿ ಮುಂದಿನ ಕುರ್ಚಿ ಹಿಡಿದಿದ್ದ ಅಡತಿಯ ಸಾಹುಕಾರರು ಮೊದಲು ಮುಖ ಸಿಂಡರಿಸಿದರು. ರೈತರು ಬೇರೆ ಪೇಟೆಗೆ ಹೋದಾರು ಎಂಬ ಭಯ ಅವರಿಗೆ. ಆ ಹಮಾಲನೇ ಎದುರು ನಿಂತು ಮಾತಾಡಿದ. ಒಂದು ಪೇಟೆ ನೋಡೋಣ, ಒಬ್ಬನಾದರೂ ಗೊಣಗಿದರೆ ಬಿಟ್ಟುಬಿಡೋಣ ಎಂದ. ಸಾಹುಕಾರರು ತಮ್ಮ ಅಂಗಡಿಯ ಮುಂದೆ ಒಂದು ದೊಡ್ಡ ಪುಟ್ಟಿ ಇಡಲು ಒಪ್ಪಿದರು. ಬೆಳಗಿನಿಂದ ಸಂಜೆಯವರೆಗೆ ಹಮಾಲರು ಪ್ರತಿ ಗಾಡಿಯವನಿಗೂ ಹೇಳಿದರು, "ನಾಕೂರ ಹುಡುಗ್ರ ಆಟಕ್ಕ ಒಂದ ಹಿಡಿ ಹಾಕ್ರಿ. ಬರೂ ವರ್ಷ ನೀವೂ ಬರ್ರಿ, ಪುಕ್ಕಟೆ ನೋಡ್ರಿ." ಗೊಣಗಿದವರು ಇಬ್ಬರು ಮೂವರು ಇದ್ದಿರಬೇಕು. ಆದರೆ ಬಹಳ ಜನ ಒಂದು ಹಿಡಿಗೆ ಎರಡು ಹಿಡಿ ಹಾಕಿದರು. ನಮ್ಮೂರ ಹುಡುಗ ಓಡುತ್ತಾನೇನು, ಯಾವ ಆಟದಲ್ಲಿದ್ದಾನೆ ಎಂದು ನಿಂತು ಕೇಳಿ ಹೋದರು. ಸಂಜೆಗೆ ಪುಟ್ಟಿ ತುಂಬಿ ಅರಳೆ ಕೆಳಗೆ ಚೆಲ್ಲಿತ್ತು. ಸಾಹುಕಾರರು ತಾವೇ ತೂಗಿ ಕೊಂಡು, ಅವತ್ತಿನ ಪೇಟೆಯ ಧಾರಣೆಗಿಂತ ತುಸು ಹೆಚ್ಚೇ ಹಿಡಿದರು.

ನಾನು ಕೊಪ್ಪಳಕ್ಕೆ ಹೋಗಿ ಹೆಡ್‌ಮಾಸ್ತರರಿಗೆ ಎಲ್ಲ ಹೇಳಿದೆ. ಬಾಗಿಲಲ್ಲಿ ನಡೆದದ್ದನ್ನೂ ಹೇಳಿದೆ. ಅವರು ನನ್ನನ್ನು ಬಯ್ಯಲಿಲ್ಲ. ಉಳಿದ ಮೂರು ಊರಿಗೆ ಅಂದೇ ಕಾಗದ ಬರೆದರು. ಆ ಸುಗ್ಗಿಯಲ್ಲಿ ಕೊಪ್ಪಳದ ಪೇಟೆಯಲ್ಲಿ ಶೇಂಗಾ, ಕುಷ್ಟಗಿಯಲ್ಲಿ ಸಜ್ಜೆ, ಗಂಗಾವತಿಯಲ್ಲಿ ಬೊಗಸೆ ಬೊಗಸೆ ಭತ್ತ ಕೂಡಿತು. ಗಂಗಾವತಿ ಕಡೆಯ ಸಿದ್ದಾಪುರದವರಂತೂ ಮಾರುವುದೇಕೆ, ಹುಡುಗರು ಉಣ್ಣಲಿ ಎಂದು ಅಕ್ಕಿಯನ್ನೇ ಗಾಡಿಯಲ್ಲಿ ಹೇರಿ ಕಳಿಸುತ್ತೇವೆ ಎಂದರು. ಸರಕಾರದ ಮಂಜೂರಿ ಬರುತ್ತಿದ್ದ ಕಾಲದಲ್ಲಿಯೂ ನಮ್ಮ ಕೈಯಲ್ಲಿ ಅಷ್ಟು ಇರಲಿಲ್ಲ. ಹುಡುಗರಿಗೆ ಚಡ್ಡಿ ಹೊಲಿಸುವ ಮಾತು ಮೊದಲ ಸಲ ಬಂದದ್ದು ಆಗಲೇ.

ಶ್ರಾವಣದಲ್ಲಿ ಸಾಹುಕಾರರ ಕಾಗದ ಬಂತು. ಹಮಾಲ ತೀರಿಕೊಂಡಿದ್ದ. ಊರಲ್ಲಿ ಜ್ವರ ಬಿದ್ದಿತ್ತಂತೆ. ನಾಲ್ಕು ದಿನ ಮಲಗಿದ, ಐದನೆಯ ದಿನ ಹೋದ ಎಂದಷ್ಟೇ ಬರೆದಿದ್ದರು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದು ವಾರವಾಗಿತ್ತು. ಮನೆ ಊರ ಅಂಚಿನಲ್ಲಿ, ಒಂದೇ ಅಂಕಣದ್ದು. ಹುಡುಗನ ತಾಯಿ ನನ್ನನ್ನು ಕಂಡು ಕಂಬಳಿ ಹಾಸಿದಳು. "ನಿಮ್ಮ ಸುದ್ದಿ ಭಾಳ ಹೇಳ್ತಿದ್ರು, ಮಾಸ್ತರ. ಆಟಕ್ಕ ಎಲ್ಲಾ ಮಂದೀನೂ ಕರೀತಾರಂತ," ಎಂದಳು. ನನಗೆ ಕಣ್ಣೆತ್ತಿ ನೋಡಲಾಗಲಿಲ್ಲ.

ಹುಡುಗ ಸಾಲೆ ಬಿಟ್ಟಿದ್ದ. ಅಪ್ಪನ ಜಾಗದಲ್ಲಿ ಪೇಟೆಗೆ ಸೇರಿದ್ದ. ಮನೆಯಲ್ಲಿ ತಾಯಿ, ಇಬ್ಬರು ತಂಗಿಯರು. ಸಾಲೆಗೆ ಮರಳಿ ಬಾ ಎಂದು ಹೇಳುವ ಮುಖ ನನಗಿರಲಿಲ್ಲ. ಆಟದ ದಿನಗಳ ಮಟ್ಟಿಗಾದರೂ ಯಲಬುರ್ಗಾದ ಕಡೆಯಿಂದ ಆಡು, ಕೂಟದವರನ್ನು ನಾನು ಒಪ್ಪಿಸುತ್ತೇನೆ ಎಂದೆ.

"ಸಾಲಿ ಬಿಟ್ಟಾಂವ ಆಡಬಾರದಂತ ಐತಲ್ರಿ, ಸರ."

"ಐತಿ. ಆದ್ರ ನಿನ್ನ ಸಲುವಾಗಿ ಬಿಡಬಹುದು."

"ಬ್ಯಾಡ್ರಿ," ಎಂದ. "ಎಲ್ಲಾರಿಗೂ ಒಂದ ಕಾಯ್ದೆ ಇರ್ಲಿ."

ಅವನು ಅದನ್ನು ಏನೂ ತಿಳಿಯದೆ, ಸಹಜವಾಗಿ ಹೇಳಿದ. ಬಾಗಿಲಲ್ಲಿ ಅವನಪ್ಪನಿಗೆ ನಾನು ಆಡಿದ ಮಾತೇ ಅದು.

ಸಂಕ್ರಾಂತಿ ಕಳೆದು ಕುಕನೂರಿನ ಹೊರಗಿನ ಬಯಲಲ್ಲಿ ಆಟ ನಡೆಯಿತು. ಸುತ್ತ ಒಂದು ಹಗ್ಗ ಬಿಟ್ಟರೆ ಬೇರೇನೂ ಕಟ್ಟಲಿಲ್ಲ. ಹತ್ತಿ ಹಾಕಿದವರು, ಭತ್ತ ಹಾಕಿದವರು, ಏನೂ ಹಾಕದವರು ಎಲ್ಲ ಬಂದರು. ಹೆಂಗಸರು ಕೂಸುಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದರು. ದೂರ ನಿಲ್ಲುವವರು ಅವತ್ತೂ ದೂರವೇ ನಿಂತರು, ಅದನ್ನು ನಾವು ಒಂದೇ ದಿನದಲ್ಲಿ ಬದಲಿಸಲಿಲ್ಲ. ಆದರೆ ಹೆಡ್‌ಮಾಸ್ತರರು ಒಂದು ಕೆಲಸ ಮಾಡಿದರು. ಕುರ್ಚಿಗಳ ಮುಂದಿನ ಸಾಲಿಗೆ ಪೇಟೆಯ ಹಮಾಲರನ್ನು ಕರೆದು ಕೂರಿಸಿದರು. ಕೆಲವರಿಗೆ ಅದು ಸರಿಬರಲಿಲ್ಲ. ಇಬ್ಬರು ಎದ್ದೂ ಹೋದರು. ಸಾಹುಕಾರರು ಒಂದು ಕ್ಷಣ ನಿಂತು ನೋಡಿ, ಹಿಂದಿನ ಸಾಲಿಗೆ ಹೋಗಿ ಕೂತರು.

ಹುಡುಗ ಕೂಡಲಿಲ್ಲ. ಮೂರೂ ದಿನ ಗೆರೆಗೆ ಸುಣ್ಣ ಹಾಕುವುದು, ನೀರು ತರುವುದು, ಊಟಕ್ಕೆ ಎಲೆ ಹಾಕುವುದು ಎಂದು ಓಡಾಡುತ್ತಿದ್ದ. ಕೊನೆಯ ಪಂದ್ಯ ಮುಗಿದ ಮೇಲೆ ನನ್ನ ಬಳಿ ಬಂದು ನಿಂತ.

"ಒಂದ ಸಮಾಧಾನ ನೋಡ್ರಿ, ಸರ," ಎಂದ. "ಒಮ್ಮೆಯಾರ ಅಪ್ಪ ನನ್ನ ಆಟ ಕಣ್ಣಾರೆ ನೋಡಿದ."

ಕೊಟ್ಟ ಮಾತು ನೆನಪಾಯಿತು. "ಹೌದಪ್ಪ," ಎಂದೆ.

ಹೀಗೆ ನಾಲ್ಕು ಆಟ ನಡೆದವು. ಪ್ರತಿ ಸುಗ್ಗಿಯಲ್ಲಿ ನಾನು ಕುಕನೂರಿಗೆ ಹೋಗುತ್ತಿದ್ದೆ. ಪುಟ್ಟಿಯ ಕೆಲಸವನ್ನು ಅವನೇ ವಹಿಸಿಕೊಂಡಿದ್ದ. ಗಾಡಿಯವರು ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಮದುವೆಯಾಗಿತ್ತು. ಮೈ ತುಂಬಿತ್ತು. ಯುದ್ಧ ಮುಗಿದು, ಆಚೆಯ ಸೀಮೆಯಲ್ಲಿ ಸ್ವರಾಜ್ಯದ ಮಾತು ಜೋರಾಗಿತ್ತು. ನಮ್ಮ ಕಡೆ ಗಾಳಿ ಕೆಡುತ್ತ ಬಂದಿತ್ತು. ಇನ್ನು ಎಷ್ಟು ವರ್ಷ ಹೀಗೆ ಸೇರುತ್ತೇವೋ ಎಂಬ ಅನುಮಾನ ಎಲ್ಲರ ಮನಸ್ಸಿನಲ್ಲಿತ್ತು. ಒಂದು ಮಧ್ಯಾಹ್ನ ಅಂಗಡಿಯ ಕಟ್ಟೆಯ ಮೇಲೆ ಇಬ್ಬರೇ ಕೂತಿದ್ದಾಗ ನಾನು ಹೇಳಿಬಿಟ್ಟೆ. ಸತ್ತವನಿಗೆ ಕೊಟ್ಟ ಮಾತು ಮುರಿದೆ. ಮುರಿದದ್ದು ಅವನ ಸಲುವಾಗಿಯೋ ನನ್ನ ಭಾರ ಇಳಿಸಿಕೊಳ್ಳಲೋ ನನಗೆ ಈಗಲೂ ಸ್ಪಷ್ಟವಿಲ್ಲ.

ಬಾಗಿಲಲ್ಲಿ ಆದದ್ದು, ಒಂದಾಣೆ, ಆಮೇಲೆ ನಾನು ಆಡಿದ ಸುಳ್ಳು, ಅವನಪ್ಪ ಆಡಿದ ಸುಳ್ಳು ಎಲ್ಲ ಹೇಳಿದೆ. ಅವನು ಕೈಯಲ್ಲಿದ್ದ ಅರಳೆಯಿಂದ ಬೀಜ ಬಿಡಿಸುತ್ತ ಕೇಳಿದ.

"ಅಪ್ಪ ಎಲ್ಲಿ ನಿಂತಿದ್ನರಿ?"

"ಪಡುವಣ ದಿಕ್ಕಿಗೆ. ತಟ್ಟಿಗೆ ಬೆನ್ನು ಹಚ್ಚಿ."

"ನೆರಳಿತ್ತೇನ್ರಿ ಅಲ್ಲಿ?"

ಇತ್ತು ಎನ್ನಲು ಬಾಯಿ ತೆರೆದೆ. ತೆರೆದು ನಿಲ್ಲಿಸಿದೆ.

"ಇರ್ಲಿಲ್ಲಪ್ಪ. ಬಿಸಲಿತ್ತು."

ಒಂದು ಗಾಡಿ ಬಂತು. ಅವನು ಎದ್ದು ಹೋಗಿ ಅಂಡಿಗೆ ಇಳಿಸಿದ, ಗಾಡಿಯವನಿಗೆ ಎಂದಿನಂತೆ ಒಂದು ಹಿಡಿ ಕೇಳಿದ, ಪುಟ್ಟಿಗೆ ಹಾಕಿದ. ಸಂಜೆ ಹತ್ತಿ ತೂಗುವಾಗಲೂ ಬೇಕಾದಷ್ಟೇ ಮಾತಾಡಿದ. ನನ್ನನ್ನು ಮೋಟಾರಿನವರೆಗೆ ಕಳಿಸಲು ಅವತ್ತು ಬರಲಿಲ್ಲ. ಮೊದಲೆಲ್ಲ ಬರುತ್ತಿದ್ದ.

ಮುಂದಿನ ಆಟ ಯಲಬುರ್ಗಾದಲ್ಲಿ. ಅವನು ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಬಂದ. ಕೂಡಿಸಿದ್ದ ಹಣದ ಚೀಲವನ್ನು ಹೆಡ್‌ಮಾಸ್ತರರ ಕೈಗೆ ಕೊಟ್ಟ. ನನಗೆ ನಮಸ್ಕಾರ ಮಾಡಿದ. ಮೊದಲ ಎರಡು ದಿನ ಎಂದಿನಂತೆ ದುಡಿದ. ಮೂರನೆಯ ದಿನ ಹುತುತುವಿಗೆ ಗೆರೆ ಹಾಕಿ ಮುಗಿಸಿ, ಸುಣ್ಣದ ಕೈ ತೊಳೆದುಕೊಂಡು, ಮೊದಲ ಸಲ ನೋಡುವವರ ನಡುವೆ ಹೋಗಿ ಕೂತ. ಗಿಡದ ನೆರಳಿನಲ್ಲಿ ಜಾಗವಿತ್ತು, ಕೆಲವರು ಕರೆದರು. ಅವನು ಎದುರು ಬದಿಗೆ, ಬಿಸಿಲಿಗೆ ಮುಖ ಮಾಡಿ ಕೂತ. ಪಂದ್ಯ ಪೂರ್ತಿ ಮುಗಿಯುವವರೆಗೆ ಅಲ್ಲಿಂದ ಏಳಲಿಲ್ಲ.

ಅದೇ ಕೊನೆಯ ನಾಲ್ಕೂರ ಆಟ. ಮರುವರ್ಷ ರಜಾಕಾರರ ಗಲಭೆಯಲ್ಲಿ ಊರೂರುಗಳೇ ಬರಿದಾದವು. ಅವನು ಹೆಂಡತಿ, ತಾಯಿ, ತಂಗಿಯರನ್ನು ಕರೆದುಕೊಂಡು ಗಡಿ ದಾಟಿ ಗದಗಿನ ಕಡೆ ಹೋದನೆಂದು ಸಾಹುಕಾರರಿಂದ ತಿಳಿಯಿತು. ಹೆಡ್‌ಮಾಸ್ತರರು ಎಲ್ಲ ಶಾಂತವಾದ ಮೇಲೆ ನಿವೃತ್ತಿ ಪಡೆದು ಹೈದರಾಬಾದಿಗೆ ಹೊರಟರು. ಕೊಪ್ಪಳದ ಸ್ಟೇಷನ್ನಿನಲ್ಲಿ ಅವರನ್ನು ಬೀಳ್ಕೊಡಲು ನಾವು ಏಳೆಂಟು ಜನ ಇದ್ದೆವು. ಸಾಲೆಗಳಲ್ಲಿ ಉರ್ದು ಹೋಗಿ ಕನ್ನಡ ಬಂತು. ಹೊಸ ಸರಕಾರ ಆಟೋಟಕ್ಕೆ ವರ್ಷಕ್ಕಿಷ್ಟು ಎಂದು ಗೊತ್ತು ಮಾಡಿತು. ಪೇಟೆಯಲ್ಲಿ ಯಾರೂ ಯಾರನ್ನೂ ಒಂದು ಹಿಡಿ ಕೇಳಬೇಕಾಗಲಿಲ್ಲ. ಮಂಜೂರಿಯ ಕಾಗದಕ್ಕೆ ನಾನು ಪ್ರತಿ ವರ್ಷ ಸಹಿ ಹಾಕಿ ಹಣ ತರುತ್ತಿದ್ದೆ. ಮೈದಾನದ ಸುತ್ತ ಜನ ಮೊದಲಿನಷ್ಟು ಬರುತ್ತಿರಲಿಲ್ಲ.

ಅವನು ಗದಗಿನಿಂದ ತಿರುಗಿ ಬಂದನೋ ಇಲ್ಲವೋ ಗೊತ್ತಿಲ್ಲ. ಎರಡು ಸಲ ಕುಕನೂರಿನಲ್ಲಿ ವಿಚಾರಿಸಿದೆ. ಮನೆಯಲ್ಲಿ ಬೇರೆಯವರಿದ್ದರು.